ಪುಕ್ಕಟೆಯೂ ಮುಕ್ತವೂ: ಕಾಕಾರ ಪ್ರೆಸ್ಸಿನಲ್ಲಿ ಮೂರು ತಿಂಗಳು

ಬಾಗಲಕೋಟೆಯ ನವನಗರದಲ್ಲಿ ನಮ್ಮ ಕಾಕಾರದ್ದು ಸಣ್ಣ ಪ್ರೆಸ್. ಲಗ್ನಪತ್ರಿಕೆ, ಪಾವತಿ ಪುಸ್ತಕ, ಜಾತ್ರೆಯ ಹ್ಯಾಂಡ್‌ಬಿಲ್, ಪತ್ತಿನ ಸಹಕಾರಿ ಸಂಘಗಳ ಕಾಗದಪತ್ರ, ಕೆಲಸ ಬರುವುದು ಇಷ್ಟರಲ್ಲೇ. ಹಳೆಯ ಊರು ಆಲಮಟ್ಟಿಯ ಹಿನ್ನೀರಿಗೆ ಸಿಗುವ ಮುಂಚೆ ಮೊಳೆ ಜೋಡಿಸುತ್ತಿದ್ದ ಕೈ ಅವರದು. ಈಗ ಮಿನಿ ಆಫ್‌ಸೆಟ್, ಎರಡು ಕಂಪ್ಯೂಟರ್, ಜೊತೆಗೆ 15 ವರ್ಷಗಳಿಂದ ಡಿಟಿಪಿ ಮಾಡುತ್ತಿರುವ ಒಬ್ಬ ಅಕ್ಕ. ನಾನು ಅದೇ ಓಣಿಯ ಮಹಡಿಯೊಂದರಲ್ಲಿ ಕುಳಿತು ದೂರದ ಕಂಪನಿಗೆ ಪ್ರೋಗ್ರಾಮ್ ಬರೆಯುವವನು. ಪ್ರೆಸ್ಸಿನ ಕಂಪ್ಯೂಟರ್ ಕೆಮ್ಮಿದರೆ ಮೊದಲು ಬಡಿಯುವುದು ನನ್ನ ಬಾಗಿಲನ್ನೇ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ ಮುಗಿಯಿತು. ಪ್ರೆಸ್ಸಿನ ಎರಡೂ ಯಂತ್ರಗಳಲ್ಲಿರುವುದು ಇಂಟೆಲ್ ಕಂಪನಿಯ ಮೂರನೇ ತಲೆಮಾರಿನ ಐ3 ಪ್ರೊಸೆಸರ್. ವಿಂಡೋಸ್ 11 ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಕೆಳಗಿನದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ, ಮೇಲೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇರೆ ಕೇಳುತ್ತದೆ. ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ಗುಜರಿಗೆ ಹಾಕುವ ಮಾತು ಕಾಕಾರಿಗೆ ಹಿಡಿಸಲಿಲ್ಲ. "ತಮ್ಮಾ, ನೀನು ಬಹಳ ದಿನದಿಂದ ಹೇಳುತ್ತಿರುವ ಆ ಪುಕ್ಕಟೆಯದನ್ನು ಹಾಕಿ ನೋಡು" ಎಂದರು.

ಅವರು ಹೇಳಿದ್ದು ಲಿನಕ್ಸ್ ಬಗ್ಗೆ. ವಿಂಡೋಸ್‌ನಂತೆಯೇ ಕಂಪ್ಯೂಟರನ್ನು ನಡೆಸುವ, ಯಾರು ಬೇಕಾದರೂ ತಿದ್ದಿ ಹಂಚಬಹುದಾದ ತಂತ್ರಾಂಶ ಅದು. ಪುಕ್ಕಟೆಯದಲ್ಲ ಕಾಕಾ, ಮುಕ್ತ ಎಂದು ತಿದ್ದಲು ಬಾಯಿ ತೆರೆದು ಸುಮ್ಮನಾದೆ. ಇಂಗ್ಲಿಷಿನವರು ಈ ಎರಡು ಅರ್ಥಗಳಿಗೆ ಫ್ರೀ ಎಂಬ ಒಂದೇ ಪದವಿಟ್ಟುಕೊಂಡು, ಮುಕ್ತ ತಂತ್ರಾಂಶ ಕಟ್ಟಲು ಹೊರಟ ಗ್ನೂ ಯೋಜನೆ ಘೋಷಣೆಯಾದ 1983ರಿಂದ ಇಂದಿನವರೆಗೂ ವಿವರಣೆ ಕೊಡುತ್ತಲೇ ಇದ್ದಾರೆ. ನಮಗೆ ಎರಡು ಬೇರೆ ಬೇರೆ ಪದಗಳಿವೆ, ಆದರೂ ಕೇಳುವವರ ಕಿವಿಗೆ ಬೀಳುವುದು ಪುಕ್ಕಟೆಯೊಂದೇ. ಅದರಿಂದ ಏನೂ ಪ್ರಯೋಜನವಾಗುವುದಿಲ್ಲ, ಏಕೆಂದರೆ ಪ್ರೆಸ್ಸಿನಲ್ಲಿ ಅದಾಗಲೇ ಎಲ್ಲವೂ ಪುಕ್ಕಟೆಯಾಗಿತ್ತು. ವಿಂಡೋಸ್, ಪುಟ ಕಟ್ಟುವ ಪೇಜ್‌ಮೇಕರ್, ಚಿತ್ರದ ಕೋರಲ್‌ಡ್ರಾ, ಎಲ್ಲವನ್ನೂ ಅಂಗಡಿಯ ಹುಡುಗನೊಬ್ಬ 500 ರೂಪಾಯಿಗೆ ಪೆನ್ ಡ್ರೈವಿನಿಂದ ಇಳಿಸಿಕೊಟ್ಟಿದ್ದ. ನಮ್ಮ ಊರುಗಳಲ್ಲಿ ಲಿನಕ್ಸ್‌ಗೆ ಎದುರಾಳಿ ಅಮೆರಿಕದ ಕಂಪನಿ ಎಂದುಕೊಂಡವರು ಯಾವುದಾದರೂ ಡಿಟಿಪಿ ಅಂಗಡಿಯಲ್ಲಿ ಒಂದು ದಿನ ಕೂರಬೇಕು. ಎದುರಾಳಿ ಈ ಕದ್ದ ಪ್ರತಿ. ಬೆಲೆಯಲ್ಲಿ ಅದನ್ನು ಸೋಲಿಸಲಾಗದು, ಅದರ ಜೊತೆಗೆ ಕರೆದಾಗ ಬರುವ ಹುಡುಗನೂ ಇರುತ್ತಾನೆ.

ಹಾಗಾಗಿ ಕೆಲಸದಲ್ಲಿಯೇ ತೂಗಿ ನೋಡೋಣ ಎಂದುಕೊಂಡೆ. ಒಂದು ಯಂತ್ರ ಇದ್ದ ಹಾಗೆಯೇ, ಕನ್ನಡ ಬರೆಯುವ ನುಡಿ ಎಂಬ ತಂತ್ರಾಂಶದ ಫಾಂಟ್ ಮತ್ತು ಪೇಜ್‌ಮೇಕರ್ 7 ಸಮೇತ. ಇನ್ನೊಂದರಲ್ಲಿ ಲಿನಕ್ಸ್‌ನ ಒಂದು ರೂಪವಾದ ಲಿನಕ್ಸ್ ಮಿಂಟ್, ಅದರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಪುಟ ಕಟ್ಟಲು ಸ್ಕ್ರೈಬಸ್, ಚಿತ್ರಕ್ಕೆ ಇಂಕ್‌ಸ್ಕೇಪ್, ಉಳಿದುದಕ್ಕೆ ಲಿಬ್ರೆಆಫೀಸ್. ಮೂರನೆಯದಾಗಿ ನನ್ನ ಲ್ಯಾಪ್‌ಟಾಪಿನಲ್ಲಿ ದುಡ್ಡು ಕೊಟ್ಟು ಕೊಂಡ ವಿಂಡೋಸ್, ಅದರ ಮೇಲೆ ಕೋರಲ್‌ಡ್ರಾದವರೇ ಪ್ರಯೋಗಕ್ಕೆಂದು ಕೊಡುವ ಪ್ರತಿ. ಅಕ್ಟೋಬರ್ ಕೊನೆಯಿಂದ ಜನವರಿಯವರೆಗೆ ಬಂದ ಕೆಲಸಗಳನ್ನು ಮೂರರಲ್ಲೂ ಹಂಚಿದೆವು, ಪ್ರಯೋಗದ ಪ್ರತಿಯಲ್ಲಿ ಮಾತ್ರ ಅದರ ಗಡುವು ಇದ್ದಷ್ಟು ದಿನ.

ಪಾವತಿ ಪುಸ್ತಕದ ಬಗ್ಗೆ ಹೇಳುವಂಥದ್ದೇನಿಲ್ಲ. ನಾಲ್ಕು ಗೆರೆ, ಒಂದು ಕ್ರಮಸಂಖ್ಯೆ. ಮೂರರಲ್ಲೂ ಆಯಿತು.

ಮೊದಲ ದೊಡ್ಡ ಪರೀಕ್ಷೆ ಒಂದು ಪತ್ತಿನ ಸಂಘದ ಚುನಾವಣೆಗೆ ಬೇಕಾದ ಮತದಾರರ ಪಟ್ಟಿ. ಸುಮಾರು 1,400 ಹೆಸರು, ಅಕ್ಷರಾನುಕ್ರಮದಲ್ಲಿ ಬೇಕು. ಹಳೆಯ ಯಂತ್ರದಲ್ಲಿ ಅಕ್ಕ ಹೆಸರುಗಳನ್ನೆಲ್ಲ ನುಡಿಯಲ್ಲಿ ಕುಟ್ಟಿ, ಎಕ್ಸೆಲ್‌ನಲ್ಲಿ ಅನುಕ್ರಮದ ಗುಂಡಿ ಒತ್ತಿದರು. ಬಸಪ್ಪಂದಿರು, ಪರಪ್ಪಂದಿರು, ನಾಗಪ್ಪಂದಿರೆಲ್ಲ ಅಶೋಕನನ್ನು ಹಿಂದೆ ಹಾಕಿ ಪಟ್ಟಿಯ ತಲೆಯ ಮೇಲೆ ಕುಳಿತರು. ಅಕ್ಕನಿಗೆ ಆಶ್ಚರ್ಯವಾಗಲಿಲ್ಲ. "ಅದು ಯಾವಾಗಲೂ ಹಾಗೆಯೇ, ಅಣ್ಣಾ. ಕೈಯಿಂದ ಕೂಡಿಸುತ್ತೇನೆ, ಎರಡು ದಿನ ಬೇಕು" ಎಂದರು.

ಕಾರಣ ಸರಳ. ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದು ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಕನ್ನಡದ ಮುಖವಾಡ ಹಾಕಿಕೊಂಡ ಲ್ಯಾಟಿನ್ ಸಂಕೇತಗಳು. ಫಾಂಟ್ ಕಳಚಿ ನೋಡಿದರೆ ನ ಎಂಬುದು ಬ್ರಿಟಿಷ್ ಪೌಂಡಿನ ಚಿಹ್ನೆ, ಪ ಎಂಬುದು ಜಪಾನಿನ ಯೆನ್! ಎಕ್ಸೆಲ್‌ಗೆ ಚಿಹ್ನೆಗಳು ಅಕ್ಷರಗಳಿಗಿಂತ ಮೊದಲು. ಆದ್ದರಿಂದ ನಾಗಪ್ಪನೂ ಪರಪ್ಪನೂ ವಿದೇಶಿ ರೊಕ್ಕವಾಗಿ ಮುಂದಿನ ಸಾಲಿಗೆ ಹೋದರು. ಇದನ್ನು ತೋರಿಸಿದಾಗ ಕಾಕಾ ಬಿದ್ದು ಬಿದ್ದು ನಕ್ಕರು. ಆಮೇಲೆ ಹಳೆಯ ಕಡತಗಳ ಕಪಾಟಿನ ಕಡೆಗೆ ನೋಡಿ ನಗು ನಿಲ್ಲಿಸಿದರು. ಇಷ್ಟು ವರ್ಷಗಳ ಕೆಲಸವೆಲ್ಲ ಅದೇ ಮುಖವಾಡದಲ್ಲಿದೆ.

ನುಡಿಯನ್ನು ಹಳಿಯುವುದು ತಪ್ಪು. ಕನ್ನಡವನ್ನು ಯಂತ್ರಗಳು ಸರಿಯಾಗಿ ಜೋಡಿಸದಿದ್ದ ಕಾಲದಲ್ಲಿ ಕನ್ನಡ ಗಣಕ ಪರಿಷತ್ತಿನ ನುಡಿ, ಅದಕ್ಕೂ ಮುಂಚೆ 1998ರಲ್ಲಿ ಬಂದ ಶೇಷಾದ್ರಿವಾಸು ಅವರ ಬರಹ, ಇವು ಇಲ್ಲದಿದ್ದರೆ ಇಂಥ ಪ್ರೆಸ್ಸುಗಳು ನಡೆಯುತ್ತಲೇ ಇರಲಿಲ್ಲ. ಆದರೆ ಆ ಕಾಲ ಮುಗಿದಿದೆ, ಪೇಜ್‌ಮೇಕರ್ ಮಾತ್ರ ಅಲ್ಲಿಯೇ ನಿಂತಿದೆ. 2001ರಲ್ಲಿ ಬಂದ 7ನೇ ಆವೃತ್ತಿಯೇ ಅದರ ಕೊನೆಯದು.

ಮಿಂಟ್‌ನಲ್ಲಿ ಅದೇ ಪಟ್ಟಿಯನ್ನು, ಪ್ರತಿ ಲಿಪಿಯ ಅಕ್ಷರಗಳಿಗೂ ಅವುಗಳದೇ ಸಂಕೇತ ಕೊಡುವ ಯುನಿಕೋಡಿನಲ್ಲಿ ಲಿಬ್ರೆಆಫೀಸ್‌ಗೆ ಹಾಕಿ ಅನುಕ್ರಮ ಕೊಟ್ಟೆವು. ಅಶೋಕ ಮೊದಲು, ಹನುಮಂತ ಕೊನೆಯ ಹತ್ತಿರ. ಗುಂಡಿ ಒತ್ತಿದ ಮೇಲೆ ಒಂದು ಗುಟುಕು ಚಹಾ ಕುಡಿಯುವಷ್ಟೂ ಹೊತ್ತಾಗಲಿಲ್ಲ. ಅಕ್ಕನ ಬೆರಳುಗಳಿಗೂ ಹೊಸ ಪಾಠ ಬೇಕಾಗಲಿಲ್ಲ, ನುಡಿಯಲ್ಲಿ ಬಳಸುವ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲಿಯೂ ಸಿಗುತ್ತದೆ. ಎಡವಿದ್ದು ಒಂದೇ ಕಡೆ. ಅಭಿನಂದನೆಯ ಫಲಕವೊಂದಕ್ಕೆ ರ‍್ಯಾಂಕ್ ಎಂದು ಬರೆಯಲು ಹೋದರೆ ರ್ಯಾಂಕ್ ಎಂದು ಅರ್ಕಾವತ್ತು ಬಂದು ಕೂರುತ್ತಿತ್ತು. ರ ಆದ ಮೇಲೆ ಕಣ್ಣಿಗೆ ಕಾಣದ ಜೋಡಣೆಯ ಸಂಕೇತವೊಂದನ್ನು ಹಾಕಬೇಕು ಎಂಬುದನ್ನು ಅಕ್ಕ ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿಕೊಂಡರು. ಆ ಚೀಟಿ ಇನ್ನೂ ಇದೆ.

ಪಟ್ಟಿಯಲ್ಲಿ ಗೆದ್ದ ಹುಮ್ಮಸ್ಸು ಲಗ್ನಪತ್ರಿಕೆಯಲ್ಲಿ ಇಳಿಯಿತು. ತುಳಸಿ ಲಗ್ನ ಮುಗಿಯುತ್ತಲೇ ಪತ್ರಿಕೆಗಳ ಸುಗ್ಗಿ. ಬೀಗರು ಬಂದು ಬೆಂಚಿನ ಮೇಲೆ ಕುಳಿತು, "ಇವರ ಹೆಸರು ಸ್ವಲ್ಪ ದೊಡ್ಡದು, ಅವರದು ಅದಕ್ಕಿಂತ ದೊಡ್ಡದು" ಎನ್ನುತ್ತಿರುವಾಗ ಎದುರಿಗೇ ತಿದ್ದಬೇಕು. ಕೋರಲ್‌ಡ್ರಾದಲ್ಲಿ ಇದು ನೀರು ಕುಡಿದಷ್ಟು ಸುಲಭ, ಯುನಿಕೋಡ್ ಕನ್ನಡವನ್ನೂ ಅದು ಚೆನ್ನಾಗಿಯೇ ಜೋಡಿಸಿತು. ಸ್ಕ್ರೈಬಸ್ ಅದೇ ಕೆಲಸವನ್ನು ಮಾಡುತ್ತದೆ, ಆದರೆ ಪ್ರತಿ ಹೆಜ್ಜೆಗೂ ಅರ್ಜಿ ಬರೆದುಕೊಡಬೇಕೇನೋ ಎನ್ನಿಸುತ್ತದೆ. ಉದ್ದದ ಪಠ್ಯವಿದ್ದರೆ ಏದುಸಿರು ಬಿಡುತ್ತದೆ. ಅದರ ಬಲ ಬೇರೆ ಕಡೆ ಇದೆ: ಮುದ್ರಣಕ್ಕೆ ಬೇಕಾದ ನಾಲ್ಕು ಬಣ್ಣಗಳ ಲೆಕ್ಕ ಮತ್ತು ಪಿಡಿಎಫ್ ಅಚ್ಚುಕಟ್ಟು. ಇಂಕ್‌ಸ್ಕೇಪ್ ಚಿತ್ರಕ್ಕೆ ಸೊಗಸು, ನಾಲ್ಕು ಬಣ್ಣದ ವಿಷಯದಲ್ಲಿ ಮಾತ್ರ ನಂಬಿಕೆಯಿಲ್ಲ. ಒಂದು ಪತ್ರಿಕೆಯ ಗಣಪತಿ ಕುಂಕುಮದ ಕೆಂಪಿನಲ್ಲಿ ಹೊರಟು ಇಟ್ಟಿಗೆಯ ಬಣ್ಣದಲ್ಲಿ ಅಚ್ಚಾದ. ಆ 300 ಪತ್ರಿಕೆಗಳ ನಷ್ಟ ನನ್ನ ತಲೆಗೆ.

ಅಕ್ಷರಗಳ ಚೆಲುವಿನಲ್ಲಿಯೂ ಹಳೆಯದೇ ಮೇಲು. ಬಾಲೂ ತಮ್ಮ, ಅನೇಕ್, ತಿರೋ, ಹುಬ್ಬಳ್ಳಿ, ಬೆಣ್ಣೆ ಎಂಬ ಯುನಿಕೋಡ್ ಫಾಂಟ್‌ಗಳು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. (ಬೆಣ್ಣೆ ಎಂಬ ಹೆಸರು ಕೇಳಿ ಕಾಕಾ, ದಾವಣಗೆರೆಯವರು ಮಾಡಿದ್ದೋ ಎಂದು ಕೇಳಿದರು.) ಓದಲು ಹಿತವಾಗಿವೆ. ಆದರೆ ಮದುಮಕ್ಕಳ ಹೆಸರಿಗೆ ಬೇಕಾದ ಬಳ್ಳಿ ಸುತ್ತಿದಂಥ ಅಕ್ಷರಗಳ ಆಯ್ಕೆ ಹಳೆಯ ಫಾಂಟ್‌ಗಳ ರಾಶಿಯಲ್ಲಿದ್ದಷ್ಟು ಇಲ್ಲ. ಮದುವೆಯ ಮನೆಯವರಿಗೆ ಪರವಾನಗಿಯ ಉಪದೇಶ ಮಾಡಲು ಬರುವುದಿಲ್ಲ.

ಭದ್ರತೆಗೆ ಬಂದರೆ ತಕ್ಕಡಿ ಮತ್ತೆ ತಿರುಗುತ್ತದೆ. ಗಿರಾಕಿಗಳ ಪೆನ್ ಡ್ರೈವ್ ಪ್ರೆಸ್ಸಿನ ನಿತ್ಯದ ಪಿಡುಗು. ನವೆಂಬರಿನಲ್ಲಿ ಒಬ್ಬರು ತಂದದ್ದು ಹಳೆಯ ಯಂತ್ರದ ಫೋಲ್ಡರುಗಳನ್ನೆಲ್ಲ ಅಡಗಿಸಿ ಬರೀ ಶಾರ್ಟ್‌ಕಟ್‌ಗಳನ್ನು ಬಿಟ್ಟು ಹೋಯಿತು. ಕದ್ದ ಪ್ರತಿಯ ಬೀಗ ಮುರಿಯುವಾಗ ಹುಡುಗ ವೈರಸ್ ತಡೆಯನ್ನೂ ಆರಿಸಿಟ್ಟಿದ್ದನಂತೆ. ಅದೇ ಪೆನ್ ಡ್ರೈವನ್ನು ಮಿಂಟ್‌ಗೆ ಚುಚ್ಚಿದರೆ ಆ ವೈರಸ್ ಸತ್ತ ಕಡತವಾಗಿ ಬಿದ್ದಿತ್ತು, ಅಳಿಸಿದೆ. ಅಂದಿನಿಂದ ಹೊರಗಿನ ಪೆನ್ ಡ್ರೈವ್‌ಗಳಿಗೆ ಮಿಂಟ್ ಯಂತ್ರವೇ ಹೆಬ್ಬಾಗಿಲು. ಮುದ್ರಕಗಳಲ್ಲಿ ಒಂದು ತಾನಾಗಿಯೇ ಲಿನಕ್ಸ್‌ಗೆ ಹೊಂದಿಕೊಂಡಿತು, ಇನ್ನೊಂದು ಇಂದಿಗೂ ಮುನಿಸಿಕೊಂಡಿದೆ.

ನನ್ನ ಕಸುಬಿನವರ ಬಗ್ಗೆಯೂ ಎರಡು ಮಾತು. 2020ರಲ್ಲಿ, ಪ್ರೋಗ್ರಾಮ್‌ಗಳನ್ನು ಇಟ್ಟು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್ ಹೊಸ ಯೋಜನೆಗಳ ಮುಖ್ಯ ಶಾಖೆಗೆ, ಗುಲಾಮಗಿರಿಯ ನೆನಪು ತರುವ ಮಾಸ್ಟರ್ ಬದಲು ಮೇನ್ ಎಂಬ ಹೆಸರನ್ನಿಟ್ಟಾಗ ನನ್ನ ಸಹೋದ್ಯೋಗಿಗಳು ವಾರಗಟ್ಟಲೆ ಜಗಳವಾಡಿದರು. ನಾನು ನನ್ನವನ್ನು ಎರಡು ನಿಮಿಷದಲ್ಲಿ ಬದಲಿಸಿದೆ, ಯಾರಿಗೋ ನೋವಾಗುವ ಪದ ಹೋದರೆ ನನ್ನ ಗಂಟೇನು ಹೋಗುತ್ತದೆ? ತಂತ್ರಾಂಶದಲ್ಲಿ ರಾಜಕೀಯ ಬೇಡ ಎನ್ನುವವರ ವಾದ ನನಗೆ ಅರ್ಥವಾಗುವುದಿಲ್ಲ. ತಿದ್ದಿ ಹಂಚಿದವರು ಮುಂದಿನವರಿಗೂ ಅದೇ ಹಕ್ಕನ್ನು ಕೊಡಬೇಕು ಎನ್ನುವ ಜಿಪಿಎಲ್ ಪರವಾನಗಿ ರಾಜಕೀಯವಲ್ಲದೆ ಮತ್ತೇನು? ನನಗೆ ಬೇಸರವಾಗುವುದು ಬೇರೆ ಕಾರಣಕ್ಕೆ. ಹೆಸರಿಗಾಗಿ ಅಷ್ಟು ಉಸಿರು ಖರ್ಚು ಮಾಡುವ ನಾವು, ದಿನವೂ ಬಳಸುವುದನ್ನು ಯಾರು ಕಾಯುತ್ತಿದ್ದಾರೆ ಎಂದು ಕೇಳುವುದಿಲ್ಲ. 2024ರ ಮಾರ್ಚ್‌ನಲ್ಲಿ ಲಿನಕ್ಸ್ ಜೊತೆಗೆ ಬರುವ, ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಪುಟ್ಟ ಸಾಧನದೊಳಗೆ ಕಳ್ಳಬಾಗಿಲು ಸಿಕ್ಕಿತು. ಅದನ್ನು ನೋಡಿಕೊಳ್ಳುತ್ತಿದ್ದವರು ದಣಿದಿದ್ದ ಒಬ್ಬರೇ ವ್ಯಕ್ತಿ, ನೆರವಿನ ನೆಪದಲ್ಲಿ ಬಂದವನು ಅವರ ನಂಬಿಕೆ ಗಳಿಸಿ ಅದನ್ನು ಕೂರಿಸಿದ್ದ. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯ್ಂಡ್ ಎಂಬ ಪ್ರೋಗ್ರಾಮರ್ ಬೆನ್ನು ಹತ್ತದಿದ್ದರೆ ಅದು ಲೋಕದ ಎಷ್ಟೋ ಸರ್ವರುಗಳಿಗೆ ಹಬ್ಬಬಹುದಿತ್ತು. ನಾವು ಹಳೆಯ ನುಡಿ ಕಡತಗಳನ್ನು ಯುನಿಕೋಡಿಗೆ ತಿರುಗಿಸಿದ ಪರಿವರ್ತಕವೂ ಯಾರೋ ಕನ್ನಡಿಗರು ಬಿಡುವಿನ ಸಂಜೆಗಳಲ್ಲಿ ಬರೆದು ಮುಕ್ತವಾಗಿ ಬಿಟ್ಟದ್ದು. ಒಂದೆರಡು ಒತ್ತಕ್ಷರಗಳ ತಪ್ಪು ಕಂಡು ಅವರಿಗೆ ಬರೆದು ಕಳುಹಿಸಿದೆ. ಕಾಕಾ ಅದಕ್ಕೆ ಎಷ್ಟು ಕೊಡಬೇಕು ಎಂದು ಕೇಳಿದರು. ನನ್ನ ಕಂಪನಿಯಲ್ಲಿ ಈ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿಲ್ಲ.

ಈಗ ಪ್ರೆಸ್ಸಿನಲ್ಲಿರುವ ವ್ಯವಸ್ಥೆ ನನಗೆ ಪೂರ್ತಿ ಒಪ್ಪಿಗೆಯದೇನಲ್ಲ. ಪಟ್ಟಿ, ವರದಿ, ಪುಸ್ತಕದ ಪುಟಗಳು, ಲೆಕ್ಕಪತ್ರ ಎಲ್ಲವೂ ಮಿಂಟ್‌ನಲ್ಲಿ. ಲಗ್ನಪತ್ರಿಕೆ ಹಳೆಯ ಯಂತ್ರದಲ್ಲೇ, ಇಂಟರ್ನೆಟ್ಟಿನ ತಂತಿ ಕಿತ್ತ ಮೇಲೆ. ಚಿತ್ರದ ಕೆಲಸಕ್ಕೆ ಒಂದು ಸಾಚಾ ಪ್ರತಿಯನ್ನು ಕೊಳ್ಳಿ ಎಂದು ಹೇಳಿದ್ದೇನೆ, ಯುಗಾದಿಯ ನಂತರ ನೋಡೋಣ ಎಂದಿದ್ದಾರೆ. ನಾನು ಕೆಲಸಕ್ಕೆಂದು ಬೆಳಗಾವಿಗೆ ಹೋದರೆ ಮಿಂಟ್‌ಗೆ ಯಾರು ದಿಕ್ಕು ಎಂಬ ಪ್ರಶ್ನೆಗೆ ಉತ್ತರ ಇರಲಿಲ್ಲ. ಆದರೆ ಹೋದ ವಾರ ನಾನು ಎರಡು ದಿನ ಊರಲ್ಲಿರಲಿಲ್ಲ. ಬಂದು ನೋಡಿದರೆ ಅಪ್‌ಡೇಟ್ ಹಾಕಿ, ಹೊಸ ಫಾಂಟೊಂದನ್ನು ಇಳಿಸಿಕೊಂಡು, ಅಕ್ಕ ಹಳೆಯ ಯಂತ್ರದ ಮೇಲೆ ಒಂದು ಹಾಳೆ ಅಂಟಿಸಿದ್ದರು. ಬೆಣ್ಣೆ ಅಕ್ಷರಗಳಲ್ಲಿ, ದೊಡ್ಡದಾಗಿ: "ಇದಕ್ಕೆ ಪೆನ್ ಡ್ರೈವ್ ಹಾಕಬಾರದು."