ಯಾರೂ ಎಬ್ಬಿಸದ ಅಂಗಡಿ: ನವನಗರದ ಕಾಕು ಚಹಾ, ಮಿರ್ಚಿ

ಬಾಗಲಕೋಟೆಯಲ್ಲಿ ಚಹಾ ಎಲ್ಲಿ ಬೇಕಾದರೂ ಸಿಗುತ್ತದೆ. ಕೂತು ಮಾತಾಡಲು ಜಾಗ ಸಿಗುವುದೇ ಕಷ್ಟ. ಖಾನಾವಳಿಗೆ ಹೋದರೆ ತಾಟು ಖಾಲಿಯಾಗುವ ಮೊದಲೇ ಬೆನ್ನ ಹಿಂದೆ ಇನ್ನೊಬ್ಬರು ಬಂದು ನಿಂತಿರುತ್ತಾರೆ. ಎಸಿ ಇರುವ ಕಡೆ ಹಾಡು ಜೋರು, ಎದುರು ಕೂತವಳ ಮಾತೇ ಕೇಳಿಸುವುದಿಲ್ಲ. ಅದಕ್ಕೇ ನವನಗರದ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗಿರುವ ಈ ಅಂಗಡಿಯ ಬಗ್ಗೆ ಬರೆಯಲೇಬೇಕು ಅನಿಸಿತು. ಬೋರ್ಡಿಲ್ಲ. ಕಾಕು (ಚಿಕ್ಕಮ್ಮ) ಅಂಗಡಿ ಅಂತ ಕೇಳಿದರೆ ಯಾರಾದರೂ ತೋರಿಸುತ್ತಾರೆ.

ಒಂದು ತಗಡಿನ ಚಪ್ಪರ, ಬೇವಿನ ಮರದ ಕೆಳಗೆ ಫರ್ಸಿ ಹಾಕಿದ ಕಟ್ಟೆ, ನಾಲ್ಕೈದು ಪ್ಲಾಸ್ಟಿಕ್ ಕುರ್ಚಿ, ಇಷ್ಟೇ. ಒಲೆ ಮುಂದೆ ಕಾಕು, ಗ್ಲಾಸು ತೊಳೆಯಲು ಅವರ ಮಗ. ನಾವು ಐದು ಜನ ಗೆಳತಿಯರು ಇಲ್ಲಿ ಸೇರುತ್ತೇವೆ. ಎಲ್ಲರೂ ಹಳೇ ಬಾಗಲಕೋಟೆಯಲ್ಲಿ ಒಂದೇ ಸಾಲಿಯಲ್ಲಿ ಓದಿದವರು. ನಾನೀಗ ಮುಧೋಳದಲ್ಲಿ ಬ್ಯಾಂಕಿನಲ್ಲಿದ್ದೇನೆ. ಒಬ್ಬಳು ಇಳಕಲ್ಲಿನಲ್ಲಿ ಗಂಡನ ಜೊತೆ ಸೀರೆ ಅಂಗಡಿ ನೋಡಿಕೊಳ್ಳುತ್ತಾಳೆ, ಒಬ್ಬಳು ಬಾದಾಮಿಯಲ್ಲಿ ಟೀಚರ್, ಇನ್ನೊಬ್ಬಳು ಬೆಂಗಳೂರಿನಿಂದ ರಜೆಗೆ ಬರುತ್ತಾಳೆ. ಐದನೆಯವಳು ನವನಗರದವಳೇ. ಈ ಜಾಗ ಹುಡುಕಿದ್ದು ಅವಳು.

ಮೊದಲು ಮಿರ್ಚಿ. ಕಾಕು ಹಸಿಮೆಣಸಿನಕಾಯಿಯನ್ನು ಉದ್ದಕ್ಕೆ ಸೀಳಿ, ಒಳಗೆ ಅಜವಾನ, ಜೀರಿಗೆ, ಉಪ್ಪು ಕುಟ್ಟಿದ ಪುಡಿಯನ್ನು ಬೆರಳಿನಿಂದ ಸವರುತ್ತಾರೆ. ಕಡಲೆಹಿಟ್ಟು ಗಟ್ಟಿಯಾಗಿರುತ್ತದೆ. ಮೆಣಸಿನಕಾಯಿಯನ್ನು ತೊಟ್ಟು ಹಿಡಿದು ಅದ್ದಿ, ಬೋಗುಣಿಯ ಅಂಚಿಗೆ ಒಂದು ಬದಿ ಒರೆಸಿ ಎಣ್ಣೆಗೆ ಬಿಡುತ್ತಾರೆ. ಆ ಒರೆಸಿದ ಬದಿಯಲ್ಲಿ ಹಿಟ್ಟು ತೆಳುವಾಗಿ ಗರಿಗರಿಯಾಗುತ್ತದೆ, ಇನ್ನೊಂದು ಬದಿ ಮೆತ್ತಗೆ ಉಬ್ಬಿರುತ್ತದೆ. ಒಂದೇ ತುತ್ತಿನಲ್ಲಿ ಎರಡೂ ಸಿಗುತ್ತವೆ. ಜೊತೆಗೆ ಹೆಚ್ಚಿದ ಉಳ್ಳಾಗಡ್ಡಿ. ಸೂಸಲಾ ಕೂಡ ಚೆನ್ನಾಗಿರುತ್ತದೆ. ಚುರುಮುರಿ ನೆನೆಸಿ ಸರಿಯಾಗಿ ಹಿಂಡಿರುತ್ತಾರೆ, ಮುದ್ದೆಯಾಗುವುದಿಲ್ಲ. ಮೇಲೆ ಪುಟಾಣಿ ಹಿಟ್ಟು ಧಾರಾಳ. ಚಹಾ ಮಾತ್ರ ಸಿಹಿ ಜಾಸ್ತಿ. ಮೊದಲೇ ಹೇಳಿದರೆ ಬೇರೆ ಇಟ್ಟು ಕೊಡುತ್ತಾರೆ, ಮುಖ ಸಿಂಡರಿಸುವುದಿಲ್ಲ. ಐವರು ತಿಂದು, ಎರಡೆರಡು ಸಲ ಚಹಾ ಕುಡಿದರೂ 300 ರೂಪಾಯಿ ದಾಟುವುದಿಲ್ಲ.

ಆದರೆ ನಾವು ಅಷ್ಟು ದೂರದಿಂದ ಬರುವುದು ಮಾತಿಗೆ. ಮೊದಲ ಚಹಾ ಮುಗಿಯುವವರೆಗೆ ಮನೆಯ ಸುದ್ದಿ. ಅತ್ತೆಯ ಮೊಣಕಾಲು, ಮಗಳ ಹತ್ತನೇ ಕ್ಲಾಸು, ವರ್ಗಾವಣೆ, ಹೊಸ ಕೆಲಸ. ಎರಡನೇ ಚಹಾ ಬರುವ ಹೊತ್ತಿಗೆ ಬ್ಯಾಗಿನಿಂದ ಪುಸ್ತಕ ಹೊರಗೆ ಬರುತ್ತವೆ. ನಮಗೆ ಐವರಿಗೂ ಮಾಯಾಲೋಕದ ಕಾದಂಬರಿಗಳ ಹುಚ್ಚು. ಮನೆಯಲ್ಲಿ ‘ಈ ವಯಸ್ಸಿನಲ್ಲಿ ಇದೇನು ರಾಜಕುಮಾರ, ಮಾಂತ್ರಿಕ’ ಅನ್ನುತ್ತಾರೆ. ಇಲ್ಲಿ ಹಾಗನ್ನುವವರಿಲ್ಲ.

ಈ ಕಥೆಗಳು ನಮ್ಮನ್ನು ಯಾಕೆ ಇಷ್ಟು ಹಿಡಿದಿವೆ ಅಂತ ನನಗೆ ಗೊತ್ತು. ನಾವು ಆಡಿ ಬೆಳೆದ ಓಣಿ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಮನೆ ಬಿಟ್ಟು ನವನಗರಕ್ಕೆ ಬಂದಾಗ ಓಣಿಯ ಹೆಸರುಗಳ ಜಾಗದಲ್ಲಿ ಸೆಕ್ಟರ್ ನಂಬರು ಬಂದವು. ಇಂಗ್ಲಿಷ್ ಲೇಖಕ ಟೋಲ್ಕಿನ್‌ನನ್ನು ಓದುವಾಗ ನ್ಯೂಮೆನಾರ್ ಎಂಬ ದ್ವೀಪರಾಜ್ಯ ಕಡಲಲ್ಲಿ ಮುಳುಗಿದ ಸಂಗತಿ ಬರುತ್ತದಲ್ಲ, ಅಲ್ಲಿ ನಾನು ಪ್ರತಿಸಲ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂರುತ್ತೇನೆ. ಹಸಿರು ಹೊಲಗಳ ಮೇಲೆ ಎದ್ದು ಬರುವ ದೊಡ್ಡ ಅಲೆಯ ಕನಸು ಟೋಲ್ಕಿನ್‌ಗೇ ಮತ್ತೆ ಮತ್ತೆ ಬೀಳುತ್ತಿತ್ತಂತೆ. 1954-55ರಲ್ಲಿ ಬಂದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಆ ಕನಸನ್ನು ಫರಾಮಿರ್ ಎಂಬ ಪಾತ್ರಕ್ಕೆ ಕೊಟ್ಟಿದ್ದಾನೆ. ಇದನ್ನು ಹೇಳಿದಾಗ ಇಳಕಲ್ಲಿನವಳು, ‘ನನಗ ಕನಸಿನ್ಯಾಗ ನಮ್ಮ ಮನಿ ಅಂಗಳ ಇನ್ನೂ ಒಣಾನ ಐತಿ’ ಅಂದಳು.

ಬಾದಾಮಿಯ ಟೀಚರಿಗೆ ಇದೆಲ್ಲ ದೂರದ ಮಾತು. ಅವಳದು ಚಂದ್ರಶೇಖರ ಕಂಬಾರರ ಕಾದಂಬರಿ ‘ಶಿಖರಸೂರ್ಯ’. ಕಂಬಾರರಿಗೆ 2010ನೇ ಸಾಲಿನ ಜ್ಞಾನಪೀಠ ಬಂದದ್ದು ಎಲ್ಲರಿಗೂ ಗೊತ್ತು. ಅವರ ಊರು ಘೋಡಗೇರಿ ಘಟಪ್ರಭೆಯ ದಡದಲ್ಲಿದೆ. ಅದೇ ನದಿ ಗೋಕಾಕಿನಲ್ಲಿ ಧುಮುಕಿ ನಮ್ಮ ಕಡೆ ಬರುತ್ತದೆ ಅನ್ನುವಾಗ ಟೀಚರ್ ದನಿಯಲ್ಲಿ ಹೆಮ್ಮೆ ಇರುತ್ತದೆ. ವಿದ್ಯೆ ಕಲಿತವನು ಅದನ್ನು ಅಧಿಕಾರಕ್ಕೆ ಏಣಿ ಮಾಡಿಕೊಂಡರೆ ಏನಾಗುತ್ತದೆ ಅನ್ನುವುದನ್ನು ಇಷ್ಟು ಚೆನ್ನಾಗಿ ಬೇರೆ ಯಾರೂ ಬರೆದಿಲ್ಲ ಅನ್ನುವುದು ಅವಳ ವಾದ.

ಬೆಂಗಳೂರಿನವಳು ಒಪ್ಪುವುದಿಲ್ಲ. ಅವಳ ದೇವತೆ ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್. 1968ರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ಯಲ್ಲಿ ಗೆಡ್ ಎಂಬ ಮೇಕೆ ಕಾಯುವ ಹುಡುಗ ಮಾಂತ್ರಿಕರ ಶಾಲೆಗೆ ಹೋಗುತ್ತಾನೆ. ಜಂಬಕ್ಕೆ ಬಿದ್ದು ಮಂತ್ರ ಹಾಕಿ, ಒಂದು ಕರಾಳ ನೆರಳನ್ನು ಲೋಕಕ್ಕೆ ಬಿಟ್ಟುಬಿಡುತ್ತಾನೆ. ಮೊದಲು ಅದರಿಂದ ಓಡುತ್ತಾನೆ. ಗುರು ಹೇಳಿದ ಮೇಲೆ ತಿರುಗಿ ನಿಂತು ತಾನೇ ಬೆನ್ನಟ್ಟುತ್ತಾನೆ. ಗೆಡ್ ಕೆಂಗಂದು ಮೈಬಣ್ಣದವನು. 2004ರಲ್ಲಿ ಟಿವಿಗೆ ಮಾಡುವಾಗ ಅವನ ಪಾತ್ರಕ್ಕೆ ಬಿಳಿಯ ನಟನನ್ನು ಹಾಕಿದರು. ಲೆ ಗ್ವಿನ್ ಇದನ್ನು ಬಹಿರಂಗವಾಗಿ ಖಂಡಿಸಿದ್ದರು. ಇದನ್ನು ಹೇಳುವಾಗ ನಮ್ಮವಳು ಕಟ್ಟೆ ಗುದ್ದುತ್ತಾಳೆ. ನನ್ನ ಓಟು ಅವಳಿಗೇ. ಮಾಡಿದ್ದನ್ನು ಮಾಡಿದವನೇ ಎದುರಿಸಬೇಕು ಅನ್ನುವ ಕಥೆ ಮನಸ್ಸಿಗೆ ಹತ್ತಿರ.

ಈ ಅಂಗಡಿ ಯಾಕೆ ನಮ್ಮದು ಅನಿಸಿತು ಅಂದರೆ, ಕಾಕು ಕೇಳಿಸಿಕೊಳ್ಳುತ್ತಾರೆ. ಒಮ್ಮೆ ಬಸ್ಸಿಗೆ ಹೊತ್ತಾಯಿತು ಅಂತ ವಾದವನ್ನು ಅರ್ಧಕ್ಕೇ ಬಿಟ್ಟು ಎದ್ದಿದ್ದೆವು. ಮುಂದಿನ ಸಲ ಹೋದಾಗ ಎಣ್ಣೆಯಲ್ಲಿ ಝಾರಿ ಆಡಿಸುತ್ತಲೇ ಕೇಳಿದರು, ‘ಆ ಮ್ಯಾಕಿ ಕಾಯೋ ಹುಡುಗ ನೆರಳ ಬಿಟ್ಟಿದ್ನಲ್ರೆವಾ, ಅದು ಸಿಕ್ತೇನು?’ ಬೆಂಗಳೂರಿನವಳು ಒಲೆಯ ಪಕ್ಕವೇ ಕೂತು ಕೊನೆಯವರೆಗೆ ಹೇಳಿದಳು. ಕಾಕು ಒಂದೂ ಮಿರ್ಚಿ ಹೊತ್ತಿಸಲಿಲ್ಲ.

ಭಾದ್ರಪದದಲ್ಲಿ ಒಂದು ಸಲ ನಾವು ಕೂತಿರುವಾಗಲೇ ಮಳೆ-ಬೆಳೆಯ ಜಾನಪದ ದೇವರು ಜೋಕುಮಾರನನ್ನು ಹೊತ್ತ ಹೆಣ್ಣುಮಕ್ಕಳು ಬಂದರು. ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಮಣ್ಣಿನ ಮೂರ್ತಿ, ಬಾಯಿಗೆ ಬೆಣ್ಣೆ. ಅವರು ಹಾಡಿದರು, ಕಾಕು ಮೊರದಲ್ಲಿ ಜೋಳ ತಂದು ಹಾಕಿದರು. ಟೀಚರ್ ನಮ್ಮ ಕಡೆ ತಿರುಗಿ, ‘ನೋಡ್ರಿ, ನಮ್ಮ ಮಣ್ಣಿನ ಕಥಿ ಅಂತ ನಾ ಹೇಳೋದು ಇದನ್ನ’ ಅಂದಳು. ಆವತ್ತು ಅವಳ ಜೊತೆ ಯಾರೂ ವಾದ ಮಾಡಲಿಲ್ಲ.

ಕೊರತೆಗಳೂ ಇವೆ. ಶೌಚಾಲಯ ಇಲ್ಲ, ಬಸ್ ಸ್ಟ್ಯಾಂಡಿಗೇ ಹೋಗಬೇಕು. ದೂರದಿಂದ ಬರುವ ಹೆಣ್ಣುಮಕ್ಕಳಿಗೆ ಇದು ನಿಜವಾಗಿಯೂ ತೊಂದರೆ. ಮಳೆ ಬಂದರೆ ಚಪ್ಪರದ ಬಲಗಡೆ ಸೋರುತ್ತದೆ, ಪುಸ್ತಕ ಇದ್ದರೆ ಎಡಗಡೆ ಕೂರಿ. ಕತ್ತಲಾದ ಮೇಲೆ ಒಂದೇ ಬಲ್ಬು, ಓದಲು ಸಾಲುವುದಿಲ್ಲ. ಭಾನುವಾರ ಬೆಳಿಗ್ಗೆ ಗದ್ದಲ ಜಾಸ್ತಿ, ಆಗ ಹೋಗಬೇಡಿ. ಸಂಜೆ ನಾಲ್ಕರಿಂದ ಆರೂವರೆ ಒಳ್ಳೆ ಹೊತ್ತು, ಬಿಸಿ ಮಿರ್ಚಿ ಇಳಿಯುವುದೂ ಆಗಲೇ. ಐದಾರು ಜನಕ್ಕಿಂತ ಹೆಚ್ಚಿದ್ದರೆ ಕುರ್ಚಿ ಸಾಲವು, ಮೊದಲೇ ಒಬ್ಬರು ಹೋಗಿ ಕಟ್ಟೆ ಹಿಡಿಯಿರಿ. ಫೋನ್‌ನಿಂದ ದುಡ್ಡು ಕಳಿಸಬಹುದು, ಆದರೂ ಚಿಲ್ಲರೆ ಇಟ್ಟುಕೊಂಡರೆ ಕಾಕುಗೆ ಅನುಕೂಲ.