ಗೀರು ಅಳಿಸಿ ತೋರಿಸುವ ‘ಕಾರ್ನಾಬಾ ವ್ಯಾಕ್ಸ್’ ಡೆಮೊ ನಂಬಬೇಡಿ

ಪೆಟ್ರೋಲ್ ಬಂಕಿನಲ್ಲೋ, ಸೂಪರ್ ಮಾರ್ಕೆಟ್ ಎದುರಿನ ಪಾರ್ಕಿಂಗ್‌ನಲ್ಲೋ, ವಾಟರ್ ವಾಶ್ ಅಂಗಡಿಯಲ್ಲೋ ಯಾರಾದರೂ ಡಬ್ಬಿ ಹಿಡಿದು ಬಂದು, ನಿಮ್ಮ ಕಾರಿನ ಮೇಲಿನ ಗೀರೊಂದನ್ನು ಕಣ್ಣೆದುರೇ ಮಾಯ ಮಾಡಿ, “ಇದು ಬ್ರೆಜಿಲ್‌ನ ಕಾರ್ನಾಬಾ ವ್ಯಾಕ್ಸ್” ಎಂದರೆ ದಯವಿಟ್ಟು ಅಲ್ಲಿಗೇ ನಿಲ್ಲಿಸಿ. ವ್ಯಾಕ್ಸ್‌ಗೆ ಗೀರು ತೆಗೆಯುವ ಶಕ್ತಿ ಇಲ್ಲ. ಗೀರು ಹೋಯಿತು ಎಂದರೆ ಆ ಡಬ್ಬಿಯಲ್ಲಿ ಪೇಂಟನ್ನು ಉಜ್ಜಿ ತೆಗೆಯುವ ಸಣ್ಣ ಪುಡಿ ಇದೆ, ಇಲ್ಲವೇ ಗೀರಿನೊಳಗೆ ಎಣ್ಣೆ ಕೂರಿಸಿ ಸ್ವಲ್ಪ ದಿನದ ಮಟ್ಟಿಗೆ ಮುಚ್ಚಿದ್ದಾರೆ. ಹೆಚ್ಚಿನ ಸಲ ಎರಡೂ ಇರುತ್ತವೆ. ನಮ್ಮ ಕಾರಿಗೆ ಆದದ್ದು ಇದೇ, ಮತ್ತು ಅದರಲ್ಲಿ ಹೋದದ್ದು ಮತ್ತೆ ಬರುವಂಥದ್ದಲ್ಲ.

ನಾವಿರುವುದು ಹೊಸಪೇಟೆಯಲ್ಲಿ. ಸಂಡೂರು, ತೋರಣಗಲ್ಲು ಕಡೆ ಓಡಾಡುವವರಿಗೆ ಬಿಡಿಸಿ ಹೇಳಬೇಕಿಲ್ಲ. ಕಬ್ಬಿಣದ ಅದಿರು ಸಾಗಿಸುವ ಲಾರಿಗಳ ಹಿಂದೆ ಸ್ವಲ್ಪ ದೂರ ಹೋದರೆ ಸಾಕು, ಕಾರಿನ ಮೈ ತುಂಬ ಕೆಂಧೂಳು. ನಮ್ಮದು ಕಪ್ಪು ಕಾರು, ಧೂಳೂ ಕಾಣುತ್ತದೆ, ಗೀರೂ ಕಾಣುತ್ತದೆ. ವಾಟರ್ ವಾಶ್‌ಗೆ ಬಿಟ್ಟಾಗ ಅಲ್ಲಿದ್ದ ಹುಡುಗ ಡ್ರೈವರ್ ಬಾಗಿಲ ಹಿಡಿಕೆಯ ಕೆಳಗೆ, ಉಗುರಿನಿಂದ ಆದಂಥ ಗೀರುಗಳ ಮೇಲೆ ಚೂರು ಪೇಸ್ಟ್ ಹಚ್ಚಿ ಉಜ್ಜಿದ. ಒರೆಸಿದಾಗ ಗೀರೇ ಇಲ್ಲ. “ನ್ಯಾಚುರಲ್ ಐತಿ ಸರ್, ಏನೂ ಆಗಂಗಿಲ್ಲ. ಚಾಕಲೇಟ್ ಮ್ಯಾಲೆ ಹಚ್ಚೋದೂ ಇದನ್ನ” ಅಂದ.

ಕಾರ್ನಾಬಾ ನ್ಯಾಚುರಲ್, ಚಾಕಲೇಟ್ ಮೇಲೂ ಹಚ್ಚುತ್ತಾರೆ ಎಂಬ ಅವನ ಮಾತು ನಿಜ. ನಿಜವಾಗಿದ್ದರಿಂದಲೇ ಅದು ಅಪಾಯಕಾರಿ. ಕಾರ್ನಾಬಾ ಎಂಬುದು ಬ್ರೆಜಿಲ್‌ನ ಈಶಾನ್ಯ ಭಾಗದ, ಮುಖ್ಯವಾಗಿ ಪಿಯಾವಿ ಮತ್ತು ಸಿಯಾರಾ ರಾಜ್ಯಗಳ ಒಣ ಸೀಮೆಯಲ್ಲಿ ಬೆಳೆಯುವ ಒಂದು ಜಾತಿಯ ತಾಳೆ ಮರದ ಎಲೆಯ ಮೇಣ. ಬಿಸಿಲಿಗೆ ಎಲೆಯ ನೀರು ಆರಿಹೋಗದಂತೆ ಮರವೇ ಹೊದ್ದುಕೊಳ್ಳುವ ಪದರ ಅದು. ಎಲೆ ಕೊಯ್ದು, ಒಣಗಿಸಿ, ಬಡಿದರೆ ಪುಡಿಯಾಗಿ ಉದುರುತ್ತದೆ. ಅದನ್ನು ಕರಗಿಸಿ ಸೋಸುತ್ತಾರೆ. ತಿನಿಸುಗಳ ಮೇಲಿನ ಹೊಳಪಿಗೆ, ಮಾತ್ರೆಗಳ ಹೊದಿಕೆಗೆ ಬಳಸುತ್ತಾರೆ. ಆಹಾರದ ಲೇಬಲ್‌ನಲ್ಲಿ ಇ903 ಎಂದು ಕಂಡರೆ ಇದೇ. ನೈಸರ್ಗಿಕ ಮೇಣಗಳಲ್ಲಿ ಬಹಳ ಗಟ್ಟಿಯಾದದ್ದು, ಕರಗಲು 82ರಿಂದ 86 ಡಿಗ್ರಿ ಸೆಲ್ಸಿಯಸ್ ಬೇಕು. ಅಪ್ಪಟ ಕಾರ್ನಾಬಾ ಕಲ್ಲಿನ ಚೂರಿನ ಹಾಗೆ ಬಿರುಸಾಗಿರುತ್ತದೆ. ಅದನ್ನು ಬೆರಳಲ್ಲಿ ತೆಗೆದು ಹಚ್ಚಲು ಆಗುವುದೇ ಇಲ್ಲ.

ಹಾಗಾದರೆ ಡಬ್ಬಿಯಲ್ಲಿ ಬೆಣ್ಣೆಯಂತೆ ಮೆತ್ತಗಿರುವುದು ಏನು? ಪೆಟ್ರೋಲಿಯಂನಿಂದ ಬರುವ ದ್ರಾವಕ, ಬೇರೆ ಮೇಣಗಳು, ಎಣ್ಣೆ, ಹಲವು ಡಬ್ಬಿಗಳಲ್ಲಿ ಸಿಲಿಕೋನ್. ಒಳ್ಳೆಯ ಪೇಸ್ಟ್ ವ್ಯಾಕ್ಸ್‌ನಲ್ಲೂ ಇವೆಲ್ಲ ಇರುತ್ತವೆ, ಅದರಲ್ಲಿ ತಪ್ಪಿಲ್ಲ. ‘100% ಕಾರ್ನಾಬಾ’ ಎಂದು ಬರೆದ ಮೆತ್ತನೆಯ ಪೇಸ್ಟ್ ಮಾತ್ರ ಸುಳ್ಳು ಹೇಳುತ್ತಿದೆ, ಅಥವಾ ‘ಬಳಸಿರುವ ಕಾರ್ನಾಬಾ 100% ಶುದ್ಧ’ ಎಂಬರ್ಥದಲ್ಲಿ ಮಾತು ತಿರುಚುತ್ತಿದೆ. ಇನ್ನೊಂದು ಬಗೆಯೇ ಬೇರೆ: ಮೇಣದ ಜೊತೆಗೆ ಉಜ್ಜುವ ಪುಡಿಯನ್ನೂ ಬೆರೆಸಿದ್ದು. ಅದಕ್ಕೆ ಕ್ಲೀನರ್ ವ್ಯಾಕ್ಸ್ ಅನ್ನುತ್ತಾರೆ. ಡಬ್ಬಿಯ ಮೇಲೆ ತಾಳೆ ಮರದ ಚಿತ್ರವನ್ನು ದೊಡ್ಡದಾಗಿ ಹಾಕಿ, ಈ ವಿಷಯವನ್ನು ಸಣ್ಣಕ್ಷರದಲ್ಲಿ ಹಾಕುತ್ತಾರೆ, ಅಥವಾ ಹಾಕುವುದೇ ಇಲ್ಲ. ನಮಗೆ ತೋರಿಸಿದ ಡಬ್ಬಿಯಲ್ಲಿ ಒಳಗೇನಿದೆ ಎಂಬ ಸಾಲೇ ಇರಲಿಲ್ಲ.

ಮೂರು ಸಾವಿರದ ಪ್ಯಾಕೇಜ್ ಎಂದು ಇಡೀ ಕಾರಿಗೆ ಮಾಡಿದರು. ಒಮ್ಮೆ ನೀರು ಹೊಡೆದು, ಒರೆಸಿ, ಬಿಸಿಲಿನಲ್ಲೇ ನಿಲ್ಲಿಸಿ, ಪ್ಯಾಡ್ ತಿರುಗಿಸುತ್ತ ಉಜ್ಜುವ ಬಫಿಂಗ್ ಮಷೀನ್ ಹಚ್ಚಿದರು. ಉಣ್ಣೆಯ ಪ್ಯಾಡ್. ಬಾನೆಟ್ ಮುಟ್ಟಿದರೆ ಕೈ ಸುಡುವಷ್ಟು ಕಾದಿತ್ತು, ಪೇಸ್ಟ್ ಹಚ್ಚಿದ ಕೂಡಲೇ ಒಣಗಿ ಬಿಳಿ ಪುಡಿ ಹಾರುತ್ತಿತ್ತು. ಒಂದೇ ಪ್ಯಾಡ್ ಕೆಳಗಿನ ಬಾಗಿಲಿಗೂ ಹೋಯಿತು, ಅಲ್ಲಿಂದ ಬಾನೆಟ್‌ಗೂ ಬಂತು. ನಡುವೆ ಅದನ್ನು ತೊಳೆದದ್ದನ್ನು ನಾನು ಕಾಣಲಿಲ್ಲ.

ಇಲ್ಲಿ ನಮ್ಮ ಊರಿನ ಧೂಳಿನ ಬಗ್ಗೆ ಹೇಳಲೇಬೇಕು. ಈ ಭಾಗದ ಅದಿರು ಹೆಮಟೈಟ್. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಅದು 5.5ರಿಂದ 6.5ರವರೆಗೆ ಬರುತ್ತದೆ, ಸಾಮಾನ್ಯ ಚಾಕುವಿನ ಉಕ್ಕು 5.5ರ ಆಸುಪಾಸು. ಕಾರಿನ ಬಣ್ಣದ ಮೇಲಿರುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಪ್ಲಾಸ್ಟಿಕ್ ಜಾತಿಯದು, ಇದರ ಮುಂದೆ ಬಹಳ ಮೃದು. ನೀರು ಹೊಡೆದಾಗ ಮೇಲಿನ ಧೂಳು ಹೋಗುತ್ತದೆ. ಬಣ್ಣಕ್ಕೆ ಕಚ್ಚಿಕೊಂಡ ಕಣ ಹೋಗುವುದಿಲ್ಲ. ತೊಳೆದ ಮೇಲೂ ತೆಳ್ಳನೆಯ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಬಾನೆಟ್ ಮೇಲೆ ಮೆಲ್ಲಗೆ ಸವರಿ ನೋಡಿ, ತರಿತರಿಯಾಗಿ ಸಿಗುತ್ತದೆ. ಅದನ್ನು ಕ್ಲೇ ಬಾರ್ ಎಂಬ ಮೆತ್ತನೆಯ ಜೇಡಿಯಂಥ ತುಂಡಿನಿಂದ ಎತ್ತಿ ತೆಗೆದ ಮೇಲೆಯೇ ಉಜ್ಜುವ ಮಾತು. ಅದನ್ನು ಬಿಟ್ಟು ಮಷೀನ್ ಹಚ್ಚುವುದೆಂದರೆ ಅದಿರಿನ ಪುಡಿಯಿಂದಲೇ ಕಾರನ್ನು ಉಜ್ಜಿದಂತೆ.

ಸಂಜೆ ಕಾರು ಕೊಟ್ಟಾಗ ಮುಖ ನೋಡಿಕೊಳ್ಳಬಹುದಿತ್ತು, ಅಷ್ಟು ಹೊಳಪು. ಮನೆಯವರೆಲ್ಲ ಮೆಚ್ಚಿದರು. ಎರಡು ಮೂರು ಸಲ ಶಾಂಪೂ ಹಾಕಿ ತೊಳೆದ ಮೇಲೆ ಅಸಲು ರೂಪ ಬಂತು. ರಾತ್ರಿ ಬೀದಿದೀಪದ ಕೆಳಗೆ ನಿಲ್ಲಿಸಿದರೆ ದೀಪದ ಸುತ್ತ ಸಾವಿರಾರು ಸುತ್ತು ಗೀರುಗಳು. ಹಗಲಲ್ಲಿ ಓರೆಯಾಗಿ ನೋಡಿದರೆ ಮಷೀನ್ ಓಡಾಡಿದ ದಾರಿಯೆಲ್ಲ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಬಾನೆಟ್‌ನ ಮಡಿಕೆಯ ಅಂಚುಗಳು ಮಂಕಾಗಿದ್ದವು. ಬಾಗಿಲ ಹಿಡಿಕೆಯ ಕೆಳಗೆ ‘ಮಾಯವಾಗಿದ್ದ’ ಗೀರುಗಳಲ್ಲಿ ಅರ್ಧದಷ್ಟು ವಾಪಸ್ ಬಂದಿದ್ದವು. ಕಪ್ಪು ಪ್ಲಾಸ್ಟಿಕ್ ಪಟ್ಟಿಗಳ ಮೇಲೆ ಬಿಳಿ ಕಲೆ ಕೂತಿತ್ತು. ಮುಂದಿನ ಗಾಜಿಗೂ ಪೇಸ್ಟ್ ತಾಗಿತ್ತು. ಮಳೆಯಲ್ಲಿ ವೈಪರ್ ಹಾಕಿದರೆ ನೀರು ಹೋಗುವ ಬದಲು ಮಸುಕು ಮಸುಕಾಗಿ ಹರಡುತ್ತಿತ್ತು. ರಾತ್ರಿ ಎದುರಿನ ಲಾರಿಯ ಲೈಟ್ ಬಿದ್ದಾಗ ಆ ಗಾಜು ಎಷ್ಟು ಭಯ ಹುಟ್ಟಿಸಿತು ಎಂಬುದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಅಂಗಡಿಗೆ ಹೋಗಿ ಕೇಳಿದರೆ, “ಇನ್ನೊಂದ್ ಸಲ ರಬ್ಬಿಂಗ್ ಹೊಡದ್ರ ಹೋಗ್ತೈತಿ ಸರ್, ನಿಮಗ ಅರ್ಧ ರೇಟು” ಎಂಬ ಉತ್ತರ ಬಂತು. ಈ ಎರಡನೇ ಸಲಕ್ಕೆ ಯಾರೂ ಒಪ್ಪಬಾರದು. ಯಾಕೆಂದು ನನಗೆ ತಿಳಿಸಿದವರು ಕಾರು ಪೇಂಟಿಂಗ್‌ನಲ್ಲೇ ತಲೆ ನರೆತ ಒಬ್ಬ ಹಿರಿಯರು. ಟಾರ್ಚ್ ಹಿಡಿದು ನೋಡಿದವರೇ, “ಇನ್ನ ಇದಕ್ಕ ಮಷೀನ್ ಮುಟ್ಟಿಸಬ್ಯಾಡ್ರಿ” ಅಂದರು. ಪೇಂಟಿನ ದಪ್ಪ ಅಳೆಯುವ ಮೀಟರ್ ಇಟ್ಟು ತೋರಿಸಿದರು. ಒಂದೇ ಬಾನೆಟ್‌ನಲ್ಲಿ ನಡುವಿನ ಅಂಕಿಗೂ ಅಂಚಿನ ಅಂಕಿಗೂ ಹತ್ತು ಮೈಕ್ರಾನ್‌ಗಿಂತ ಹೆಚ್ಚು ವ್ಯತ್ಯಾಸ. ಮೈಕ್ರಾನ್ ಎಂದರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಭಾಗ.

ಹತ್ತು ಮೈಕ್ರಾನ್ ಏನು ಮಹಾ ಅನ್ನಿಸಬಹುದು. ಕಾರ್ಖಾನೆಯಿಂದ ಬಂದ ಕಾರಿನಲ್ಲಿ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್. ಅದರಲ್ಲಿ ಮೇಲಿನ ಕ್ಲಿಯರ್ ಕೋಟ್ ಸುಮಾರು 40ರಿಂದ 50. ಸೂರ್ಯನ ಅತಿನೇರಳೆ ಕಿರಣವನ್ನು ತಡೆಯುವ ರಾಸಾಯನಿಕ ಇರುವುದು ಆ ಕ್ಲಿಯರ್‌ನಲ್ಲೇ. ಅದನ್ನು ತೆಳ್ಳಗೆ ಮಾಡಿದರೆ ಇವತ್ತು ಏನೂ ಕಾಣುವುದಿಲ್ಲ. ಕೆಲವು ವರ್ಷ ನಮ್ಮ ಬಳ್ಳಾರಿ ಸೀಮೆಯ ಬಿಸಿಲು ಕುಡಿದ ಮೇಲೆ ಕ್ಲಿಯರ್ ಬೆಳ್ಳಗಾಗಿ, ಸಿಪ್ಪೆಯಾಗಿ ಏಳುತ್ತದೆ. ಹಳೆಯ ಕಾರುಗಳ ಬಾನೆಟ್, ಟಾಪ್ ಮೇಲೆ ಇದನ್ನು ನೀವೂ ಕಂಡಿರುತ್ತೀರಿ. ಆಗ ಯಾವ ಪಾಲಿಷ್‌ನಿಂದಲೂ ಸರಿ ಹೋಗುವುದಿಲ್ಲ, ಹೊಸದಾಗಿ ಬಣ್ಣವೇ ಆಗಬೇಕು.

“ಈಗಲೇ ಬಣ್ಣ ಮಾಡಿಸಿಬಿಡಲಾ?” ಎಂದು ಕೇಳಿದೆ. ಬೇಡ ಅಂದರು. ಕಾರ್ಖಾನೆಯಲ್ಲಿ ಬರೀ ಬಾಡಿ ಇರುವಾಗ ಬಣ್ಣವನ್ನು ಸುಮಾರು 140 ಡಿಗ್ರಿಯಲ್ಲಿ ಬೇಯಿಸಿ ಗಟ್ಟಿ ಮಾಡುತ್ತಾರೆ. ಹೊರಗಡೆ ಪೇಂಟ್ ಬೂತ್‌ನಲ್ಲಿ ಪ್ಲಾಸ್ಟಿಕ್, ವೈರಿಂಗ್ ಎಲ್ಲ ಇರುವ ಕಾರನ್ನು ಅಷ್ಟು ಕಾಯಿಸುವಂತಿಲ್ಲ, ಸಾಮಾನ್ಯವಾಗಿ 60 ಡಿಗ್ರಿಯ ಆಸುಪಾಸು. ಕಂಪನಿ ಪೇಂಟ್ ಉಳಿದಿರುವಷ್ಟು ದಿನ ಉಳಿಸಿಕೊಳ್ಳಿ ಎಂಬುದು ಅವರ ಮಾತು. ಆಮೇಲೆ ಅವರು ಕೇಳಿದ್ದು, “ಹಚ್ಚಿದ ಡಬ್ಬಿಯೊಳಗ ಸಿಲಿಕೋನ್ ಇತ್ತೇನ್ರಿ?” ಎಂದು. ಸಿಲಿಕೋನ್ ಪೂರ್ತಿ ಹೋಗದೆ ಉಳಿದ ಜಾಗದಲ್ಲಿ ಹೊಸ ಬಣ್ಣ ನಿಲ್ಲುವುದಿಲ್ಲ, ಗುಂಡಗೆ ಕುಳಿ ಬೀಳುತ್ತದೆ. ಪೇಂಟರ್‌ಗಳು ಅದಕ್ಕೆ ಫಿಶ್ ಐ ಅನ್ನುತ್ತಾರೆ. ಅಂಗಡಿಯವರನ್ನು ಕೇಳಿದೆ, ಅವರಿಗೂ ಗೊತ್ತಿಲ್ಲ. ತಾವು ಹಚ್ಚಿದ್ದು ಏನೆಂದು ಗೊತ್ತಿಲ್ಲದೆ ದಿನವೂ ಹಚ್ಚುತ್ತಿದ್ದಾರೆ. ನಮ್ಮ ಮುಂದಿನ ಬಂಪರ್‌ಗೆ ಆಗಷ್ಟೇ ಬಣ್ಣ ಮಾಡಿಸಿದ್ದೆವು, ಅದಕ್ಕೂ ಅದೇ ಪೇಸ್ಟ್ ಬಳಿದಿದ್ದರು. ಹೊಸ ಬಣ್ಣದೊಳಗಿನ ದ್ರಾವಕ ನಿಧಾನವಾಗಿ ಹೊರಗೆ ಹೋಗಬೇಕು; ಅದಕ್ಕಾಗಿ 30ರಿಂದ 90 ದಿನ ವ್ಯಾಕ್ಸ್ ಹಚ್ಚಬಾರದೆಂದು ಪೇಂಟ್ ತಯಾರಕರೇ ಸಾಮಾನ್ಯವಾಗಿ ಹೇಳುತ್ತಾರೆ.

ಇಷ್ಟಾದ ಮೇಲೆ ನಿಜವಾದ ಕಾರ್ನಾಬಾ ವ್ಯಾಕ್ಸ್ ಏನು ಮಾಡುತ್ತದೆ ಎಂದು ನೋಡಬೇಕೆನಿಸಿತು. ಉಜ್ಜುವ ಪುಡಿ ಇಲ್ಲ ಎಂದು ಸ್ಪಷ್ಟವಾಗಿ ಬರೆದ ಪೇಸ್ಟ್ ವ್ಯಾಕ್ಸ್ ತರಿಸಿ, ಹಿಂದಿನ ಎಡ ಬಾಗಿಲಿನ ಮೇಲೆ ಪರೀಕ್ಷೆ ಮಾಡಿದೆವು. ನೆರಳಲ್ಲಿ, ತಣ್ಣಗಿರುವ ಕಾರು. ತೊಳೆದು, ಕ್ಲೇ ಬಾರ್ ಆಡಿಸಿ, ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಹಳೆಯ ಎಣ್ಣೆಯಂಶ ತೆಗೆದೆವು. ಬಾಗಿಲಿನ ನಡುವೆ ಮಾಸ್ಕಿಂಗ್ ಟೇಪ್. ಒಂದು ಬದಿಗೆ ಫೋಮ್ ಪ್ಯಾಡ್‌ನಿಂದ ಕಂಡೂ ಕಾಣದಷ್ಟು ತೆಳ್ಳಗೆ ವ್ಯಾಕ್ಸ್, ಇನ್ನೊಂದು ಬದಿ ಬರಿದು. ಮಂಜು ಕಟ್ಟಿದಂತಾದ ಮೇಲೆ ಬೆರಳಾಡಿಸಿ ನೋಡಿ, ಗೆರೆ ಸ್ವಚ್ಛವಾಗಿ ಮೂಡಿದಾಗ ಮೈಕ್ರೊಫೈಬರ್ ಬಟ್ಟೆಯಿಂದ ಒರೆಸಿದೆವು.

ವ್ಯಾಕ್ಸ್ ಹಚ್ಚಿದ ಬದಿಯಲ್ಲಿ ಕಪ್ಪು ಸ್ವಲ್ಪ ಗಾಢವಾಯಿತು, ಕೈಗೆ ನುಣುಪಾಯಿತು. ಗೀರುಗಳು? ಟಾರ್ಚ್ ಹಿಡಿದರೆ ಎರಡೂ ಬದಿಯಲ್ಲಿ ಇದ್ದಲ್ಲೇ ಇದ್ದವು. ನಿಜವಾದ ವ್ಯಾಕ್ಸ್ ಕೊಡುವುದು ಇಷ್ಟೇ, ಮತ್ತು ಇಷ್ಟು ಕೊಟ್ಟರೆ ಅದು ಒಳ್ಳೆಯ ವ್ಯಾಕ್ಸ್. ನೀರು ಹಾಕಿದರೆ ಹನಿಹನಿಯಾಗಿ ನಿಂತಿತು. ಆದರೆ ಇದನ್ನೂ ಡೆಮೊದವರು ದೊಡ್ಡದು ಮಾಡಿ ತೋರಿಸುತ್ತಾರೆ, ಮೋಸ ಹೋಗಬೇಡಿ: ಹನಿ ನಿಂತರೆ ರಕ್ಷಣೆ ಸಿಕ್ಕಿತು ಎಂದಲ್ಲ. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಹೆಚ್ಚು. ಆ ಹನಿಗಳು ಬಿಸಿಲಿಗೆ ಆರಿದಾಗ ಬಿಳಿ ಉಂಗುರಗಳು ಹೆಚ್ಚು ಎದ್ದು ಕಂಡದ್ದು ವ್ಯಾಕ್ಸ್ ಇದ್ದ ಬದಿಯಲ್ಲೇ. ಕೂಡಲೇ ಒರೆಸದಿದ್ದರೆ ಅದೇ ಹೊಸ ತಲೆನೋವು. ಕೆಂಧೂಳು ಎರಡೂ ಬದಿಗೆ ಒಂದೇ ಸಮ ಕೂತಿತು, ತೊಳೆಯುವಾಗ ಮಾತ್ರ ವ್ಯಾಕ್ಸ್ ಬದಿಯಲ್ಲಿ ಬೇಗ ಬಿಟ್ಟಿತು. ಬಿಸಿಲು, ಶಾಂಪೂ ಎರಡೂ ಸೇರಿ ಕೆಲವೇ ವಾರಗಳಲ್ಲಿ ಹನಿಗಳು ಚಪ್ಪಟೆಯಾಗತೊಡಗಿದವು. ಒಂದು ಸಲ ಹಚ್ಚಿದರೆ ಒಂದು ವರ್ಷ ಗ್ಯಾರಂಟಿ ಎಂದು ಯಾರಾದರೂ ಕಾರ್ನಾಬಾ ಮಾರಿದರೆ ನಮ್ಮ ಹವಾಮಾನದಲ್ಲಿ ಅದು ಆಗದ ಮಾತು. ಹಕ್ಕಿ ಹಿಕ್ಕೆ ಬಿದ್ದರೂ ಬಿಟ್ಟುಬಿಡಬಹುದು ಎಂದು ನಮಗೆ ಹೇಳಿದ್ದರು. ದಯವಿಟ್ಟು ಬಿಡಬೇಡಿ, ವ್ಯಾಕ್ಸ್ ಇದ್ದರೂ ಅದು ಬಣ್ಣವನ್ನು ಕಚ್ಚುತ್ತದೆ. ಒದ್ದೆ ಬಟ್ಟೆ ಇಟ್ಟು ನೆನೆಸಿ, ಉಜ್ಜದೆ ಎತ್ತಿ ತೆಗೆಯಿರಿ.

ಹೊರಗಡೆ ವ್ಯಾಕ್ಸ್ ಮಾಡಿಸಲೇಬೇಕು ಎಂದಿದ್ದರೆ ಮೊದಲು ಡಬ್ಬಿ ಕೈಗೆ ತೆಗೆದುಕೊಂಡು ಓದಿ. ಪಾಲಿಷ್, ಕಾಂಪೌಂಡ್, ಕ್ಲೀನರ್, ಸ್ಕ್ರಾಚ್ ರಿಮೂವರ್ ಎಂಬ ಮಾತುಗಳಲ್ಲಿ ಒಂದಿದ್ದರೂ ಅದು ಬರೀ ವ್ಯಾಕ್ಸ್ ಅಲ್ಲ. ಮಷೀನ್ ಬೇಡ, ಕೈಯಲ್ಲಿ ಹಚ್ಚಿ ಎನ್ನಿ; ವ್ಯಾಕ್ಸ್ ಹಚ್ಚಲು ಮಷೀನ್ ಬೇಕೇ ಇಲ್ಲ. ಕ್ಲೇ ಮಾಡುತ್ತೀರಾ ಎಂದು ಕೇಳಿದಾಗ ಅದೇನು ಎಂದು ಅವರೇ ನಿಮ್ಮನ್ನು ಕೇಳಿದರೆ ಕೀಲಿ ಇಸಿದುಕೊಂಡು ಬನ್ನಿ. ಉಜ್ಜುವಾಗ ಬಟ್ಟೆಗೆ ಕಾರಿನ ಬಣ್ಣ ಹತ್ತಿತೋ, ಅಲ್ಲೇ ನಿಲ್ಲಿಸಿ. ಕ್ಲಿಯರ್ ಕೋಟ್ ಇಲ್ಲದ ಹಳೆಯ ಕಾರುಗಳಲ್ಲಿ ಹಾಗಾಗುವುದು ಸಹಜ, ಕ್ಲಿಯರ್ ಇರುವ ಕಾರಿನಲ್ಲಿ ಹಾಗಾದರೆ ಕ್ಲಿಯರ್ ಅಲ್ಲಿ ಮುಗಿದಿದೆ ಎಂದರ್ಥ. ಹೊಳಪಿಲ್ಲದ ಮ್ಯಾಟ್ ಪೇಂಟ್ ಇರುವವರಂತೂ ಇಂಥ ಯಾವ ಡಬ್ಬಿಯನ್ನೂ ಹತ್ತಿರ ಬಿಡಬೇಡಿ.

ಈಗಾಗಲೇ ಮಾಡಿಸಿಕೊಂಡು ಬಂದು, ಹೊಳಪು ನೋಡಿ ಸಂತೋಷದಲ್ಲಿದ್ದೀರಾದರೆ ಇವತ್ತೇ ಒಂದು ಕೆಲಸ ಮಾಡಿ. ಐಸೊಪ್ರೊಪೈಲ್ ಆಲ್ಕೋಹಾಲ್ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ. ಅಷ್ಟೇ ನೀರು ಬೆರೆಸಿ, ಮೆತ್ತನೆಯ ಬಟ್ಟೆಯಿಂದ ಬಾನೆಟ್‌ನ ಅಂಗೈ ಅಗಲದ ಜಾಗವನ್ನು ಒರೆಸಿ, ಕತ್ತಲಾದ ಮೇಲೆ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಒರೆಸಿದ ಜಾಗದಲ್ಲಿ ಮಾತ್ರ ಗೀರುಗಳು ಎದ್ದರೆ ಫೋಟೊ ತೆಗೆದಿಟ್ಟುಕೊಂಡು, ಬಿಲ್ ಸಮೇತ ಹೋಗಿ ದುಡ್ಡು ವಾಪಸ್ ಕೇಳಿ. ಮತ್ತೊಮ್ಮೆ ಉಚಿತವಾಗಿ ಉಜ್ಜಿಕೊಡುತ್ತೇವೆ ಎಂದರೆ ಒಪ್ಪಬೇಡಿ.