ಮೂರು ಲಕ್ಷದ ಎಂಬತ್ತೇಳು ಸಾವಿರದ ಹೊಗೆ

2025ರ ಜುಲೈ ಕೊನೆಗೆ, ನಾನು ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದ ಕೂಡಲೇ ಎದುರು ಮನೆ ಅಜ್ಜಿ ಕಿಟಕಿ ಮುಚ್ಚಲು ಶುರು ಮಾಡಿದರು. ಸೊಳ್ಳೆಗೆ ಹೊಗೆ ಹಾಕಲು ಕಾರ್ಪೊರೇಷನ್ನಿನವರು ಬಂದಿದ್ದಾರೆ ಅಂದುಕೊಂಡಿದ್ದರಂತೆ. ನೀಲಿ ಬೆರೆತ ಬಿಳಿ ಹೊಗೆ, ಅರ್ಧ ಬೀದಿ ತುಂಬುವಷ್ಟು. ಎರಡು ನಿಮಿಷ ಕಳೆದರೆ ಏನೂ ಆಗಿಲ್ಲವೆಂಬಂತೆ ಸುಮ್ಮನಾಗುತ್ತಿತ್ತು.

ಕಾರು ಜರ್ಮನಿಯದು. ಎರಡೇ ಸೀಟು, ಟಾಪ್ ತೆರೆಯುತ್ತದೆ, ಆರು ಸಿಲಿಂಡರ್ ಪೆಟ್ರೋಲ್, 2012ರ ಮಾಡೆಲ್. 2019ರಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ನಾನು ಚಾರ್ಟರ್ಡ್ ಅಕೌಂಟೆಂಟ್, ಕಂಡವರ ಬಿಲ್ ಓದುವುದೇ ನನ್ನ ಕಸುಬು. ಆದರೂ ಕೊಳ್ಳುವಾಗ ಒಂದು ಲೆಕ್ಕ ತಪ್ಪಿದೆ. ಆದಾಯ ತೆರಿಗೆಯಲ್ಲಿ ಕಾರಿಗೆ ವರ್ಷಕ್ಕೆ 15 ಪರ್ಸೆಂಟ್ ಸವಕಳಿ ಬರೆಯುತ್ತೇವೆ. ಸಂತೆಯಲ್ಲಿ ಇಂಥ ಕಾರಿನ ಬೆಲೆ ಅದಕ್ಕಿಂತ ಜೋರಾಗಿ ಇಳಿಯುತ್ತದೆ, ಅದಕ್ಕೇ ನನ್ನಂಥವಳ ಕೈಗೆ ಎಟುಕಿದ್ದು. ಆದರೆ ಅದರ ಪಾರ್ಟುಗಳಿಗೆ ಸವಕಳಿ ಇಲ್ಲ. ಅವು ಇವತ್ತಿಗೂ ಹೊಸ ಕಾರಿನ ದರದಲ್ಲೇ ಕೂತಿವೆ.

ಆಗಸ್ಟಿನಲ್ಲಿ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೆ ಕೊಟ್ಟೆ. ಹೆಸರು ಬೇಡ, ಅವರನ್ನು ಬಯ್ಯುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಸರ್ವಿಸ್ ಅಡ್ವೈಸರ್ ಹುಡುಗ ಮರ್ಯಾದಸ್ಥ, ಆದರೆ ಎಂಜಿನ್ ವಿಷಯ ಬಂದಾಗೆಲ್ಲ ನನ್ನ ಜೊತೆ ಬಂದಿದ್ದ ತಮ್ಮನ ಮುಖ ನೋಡಿ ಮಾತಾಡುತ್ತಿದ್ದ. ನನ್ನ ತಮ್ಮನಿಗೆ ಸ್ಕೂಟರಿಗೆ ಗಾಳಿ ಹಾಕಿಸಲೂ ಬರುವುದಿಲ್ಲ. ಮೂರು ದಿನ ಇಟ್ಟುಕೊಂಡು ಸ್ಕ್ಯಾನ್ ಹಾಕಿ ಎಸ್ಟಿಮೇಟ್ ಕಳಿಸಿದರು. ಆಯಿಲ್ ಸಿಲಿಂಡರಿನೊಳಗೆ ನುಗ್ಗಿ ಉರಿಯದಂತೆ ತಡೆಯುವ ಪಿಸ್ಟನ್ ರಿಂಗ್, ವಾಲ್ವ್ ಸೀಲ್ ಹೋಗಿವೆ, ಎಂಜಿನ್ ಇಳಿಸಿ ಬಿಚ್ಚಬೇಕು. ಪಾರ್ಟ್ಸ್ ₹2,14,000, ಅದಕ್ಕೆ ಆಗಿದ್ದ 28 ಪರ್ಸೆಂಟ್ ಜಿಎಸ್‌ಟಿ. ಲೇಬರ್ ₹96,000, ಅದಕ್ಕೆ 18. ಒಟ್ಟು ₹3,87,200. 'ಬಿಚ್ಚಿದ ಮೇಲೆ ಇನ್ನೇನಾದರೂ ಕಂಡರೆ ಪ್ರತ್ಯೇಕ' ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ.

ಸಾಲು ಸಾಲಾಗಿ ಓದಿದೆ. ಅರ್ಧಕ್ಕರ್ಧ ಸಾಲುಗಳ ಕೊನೆಗೆ ಒಂದೇ ಪದ: ಅಸೆಂಬ್ಲಿ. ಪಂಪ್ ಅಸೆಂಬ್ಲಿ, ಕವರ್ ಅಸೆಂಬ್ಲಿ, ಹೌಸಿಂಗ್ ಅಸೆಂಬ್ಲಿ. ಬಿಡಿ ಭಾಗ ಕೆಟ್ಟರೂ ಅದು ಕೂತಿರುವ ಇಡೀ ಸಂಸಾರವನ್ನೇ ಬದಲಾಯಿಸುವುದು. (ಅಸೆಂಬ್ಲಿ ಅಂದರೆ ಖರ್ಚು ಅಂತ ವಿಧಾನಸೌಧ ನೋಡಿ ಬೆಳೆದ ನಮಗೆ ಬೇರೆ ಹೇಳಬೇಕೆ?) ಕಂಪ್ರೆಷನ್ ಟೆಸ್ಟ್ (ಸಿಲಿಂಡರಿನೊಳಗಿನ ಒತ್ತಡದ ಅಳತೆ; ರಿಂಗ್ ಹೋಗಿದ್ದರೆ ಅದು ಇಳಿದಿರುತ್ತದೆ) ಮಾಡಿದಿರಾ, ರೀಡಿಂಗ್ ಎಷ್ಟು ಬಂತು ಅಂತ ಕೇಳಿದೆ. 'ಅದು ಬಿಚ್ಚಿದ ಮೇಲೆ ಮೇಡಂ' ಅಂದ. ವರ್ಕ್‌ಶಾಪ್ ಒಳಗೆ ಬರಬಹುದಾ ಅಂದರೆ, ಗಾಜಿನ ಈಚೆ ನಿಂತು ನೋಡಬಹುದು ಅಂದ. ಹೊರಗಡೆ ಕೊಟ್ಟರೆ ಮುಂದಿನದಕ್ಕೆ ನಾವು ಜವಾಬ್ದಾರರಲ್ಲ ಎಂದೂ ಸೇರಿಸಿದ. ಆ ಮಾತು ನನಗೆ ಚುಚ್ಚಿತು. ಬಿಡಿಭಾಗ ಮತ್ತು ಡಯಾಗ್ನಾಸ್ಟಿಕ್ ಟೂಲುಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೇ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತ್ತು. ಹೊರಗೆ ರಿಪೇರಿ ಮಾಡಿಸಿದರು ಎಂಬ ಒಂದೇ ಕಾರಣಕ್ಕೆ ವಾರಂಟಿ ಕಿತ್ತುಕೊಳ್ಳಬಾರದು ಎಂದೂ ಹೇಳಿತ್ತು. ಅಪೀಲುಗಳ ಕಥೆ ಬೇರೆ. ನನ್ನ ಕಾರಿನ ವಾರಂಟಿಯಂತೂ ಮುಗಿದು ಯಾವ ಕಾಲವಾಯಿತೋ.

ಗೆಳತಿಯೊಬ್ಬಳು ವಿಲ್ಸನ್ ಗಾರ್ಡನ್ನಿನ ಗ್ಯಾರೇಜೊಂದಕ್ಕೆ ಕಳಿಸಿದಳು. ತಗಡಿನ ಮಾಡು, ಬೋರ್ಡಿಲ್ಲ, ಒಳಗೆ ನಾಲ್ಕು ಜರ್ಮನ್ ಕಾರು, ಹೊರಗೆ ಇನ್ನೆರಡು. ಎಲ್ಲರೂ ಅವರನ್ನು ಭಾಯ್ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಅರವತ್ತರ ಹತ್ತಿರದ ಮನುಷ್ಯ. ಎಸ್ಟಿಮೇಟ್ ತೋರಿಸಿದರೆ ಕೈಗೇ ತೆಗೆದುಕೊಳ್ಳಲಿಲ್ಲ. 'ಕಾಗದ ಆಮೇಲೆ. ಗಾಡಿ ಸ್ಟಾರ್ಟ್ ಮಾಡಿ ಮೇಡಂ.'

ಬಾನೆಟ್ ಎತ್ತಿದರು. ಸಣ್ಣಗೆ ಸೀಟಿ ಊದಿದಂತೆ ಒಂದು ಸದ್ದು. ನಾನು ಅದನ್ನು ತಿಂಗಳಿಂದ ಕೇಳುತ್ತಿದ್ದೆ, ಎ.ಸಿ. ಇರಬೇಕು ಅಂದುಕೊಂಡಿದ್ದೆ. 'ಆಯಿಲ್ ಕ್ಯಾಪ್ ತೆಗೀರಿ.' ತಿರುಗಿಸಿದೆ, ಎತ್ತಲು ಆಗಲಿಲ್ಲ. ಒಳಗಿನಿಂದ ಯಾರೋ ಹಿಡಿದುಕೊಂಡ ಹಾಗೆ. ಭಾಯ್ ಕಿತ್ತು ತೆಗೆದು ಆ ಬಾಯಿಗೆ ಒಂದು ಪ್ಲಾಸ್ಟಿಕ್ ಕವರ್ ಮುಚ್ಚಿದರು. ಸುರ್ ಅಂತ ಅರ್ಧ ಒಳಗೇ ಎಳೆದುಕೊಂಡಿತು. 'ರಿಂಗ್ ಹೋಗಿದ್ರೆ ಇದು ಹೊರಗೆ ಉಬ್ಬಬೇಕಿತ್ತು' ಅಂದರು.

ಎಂಜಿನ್ ಓಡುವಾಗ ಪಿಸ್ಟನ್ನಿನ ಪಕ್ಕದಿಂದ ಒಂದಿಷ್ಟು ಗ್ಯಾಸು ಕೆಳಗೆ ನುಸುಳುತ್ತದೆ. ಅದನ್ನು ಹೊರಗೆ ಬಿಡುವಂತಿಲ್ಲ, ಆಯಿಲ್ ಬೇರ್ಪಡಿಸಿ ಮತ್ತೆ ಎಂಜಿನ್ ಗಾಳಿ ಎಳೆದುಕೊಳ್ಳುವ ಇನ್‌ಟೇಕಿಗೆ ಕಳಿಸಬೇಕು. ಆ ಎಳೆತ ಹದ ಮೀರದಂತೆ ಕಾಯುವುದು ಎಂಜಿನ್ನಿನ ಮೇಲ್ಮುಚ್ಚಳವಾದ ವಾಲ್ವ್ ಕವರಿನಲ್ಲಿರುವ ಅಂಗೈಗಿಂತ ಚಿಕ್ಕದಾದ ಒಂದು ರಬ್ಬರ್ ಪೊರೆ. ಬಿಸಿಗೆ ಬೆಂದು ಅದು ಹರಿದರೆ ಇನ್‌ಟೇಕು ಗ್ಯಾಸಿನ ಜೊತೆ ಆಯಿಲನ್ನೂ ಹೀರುತ್ತದೆ, ಆಯಿಲ್ ಉರಿಯುತ್ತದೆ, ಅಜ್ಜಿ ಕಿಟಕಿ ಮುಚ್ಚುತ್ತಾರೆ.

ಅಷ್ಟಕ್ಕೇ ಬಿಡಲಿಲ್ಲ. ಆರೂ ಪ್ಲಗ್ ತೆಗೆದು ಕಂಪ್ರೆಷನ್ ನೋಡಿದರು. ಟಾರ್ಚ್ ಹಿಡಿದದ್ದು ನಾನು, ರೀಡಿಂಗುಗಳನ್ನು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು ಅಲ್ಲಿಯ ಹುಡುಗ. ಕಡಿಮೆಯದ್ದು 11.5 ಬಾರ್, ಹೆಚ್ಚಿನದು 12. ರಿಂಗು ಗಟ್ಟಿಯಾಗೇ ಇತ್ತು. ಒಂದೂವರೆ ಗಂಟೆಯ ಈ ಪರೀಕ್ಷೆಗೆ ತೆಗೆದುಕೊಂಡದ್ದು 800 ರೂಪಾಯಿ.

ಬರೀ ರಬ್ಬರ್ ಹಾಕಿದರೆ ಮುಗಿಯಿತಲ್ಲ ಅಂತ ನಾನು ಜಾಣತನ ತೋರಿಸಿದೆ. ಭಾಯ್ ನಕ್ಕರು. 'ಹದಿಮೂರು ವರ್ಷ ಬೆಂದಿರೋ ಪ್ಲಾಸ್ಟಿಕ್, ಕೈ ಹಾಕಿದ್ರೆ ಒಡೆಯುತ್ತೆ. ವಾಲ್ವ್ ಕವರ್ ಪೂರಾ ಹೊಸದು ಹಾಕೋಣ.' ಅಂದರೆ ಇಲ್ಲೂ ಅಸೆಂಬ್ಲಿಯೇ! ಆದರೆ ಒಂದೇ ಒಂದು. ಜೆ.ಸಿ. ರೋಡಿನ ಅಂಗಡಿಯವರು ಹೊರಗಿನಿಂದ ತರಿಸಿದರು. ಕಾರು ಕಂಪನಿಗೆ ಮಾಡಿಕೊಡುವವರದ್ದೇ ಮಾಲು, ಲೋಗೋ ಇದ್ದ ಜಾಗವನ್ನು ಮಾತ್ರ ಉಜ್ಜಿ ತೆಗೆದಿದ್ದರು. ಜೊತೆಗೆ ಹೊಸ ಬೋಲ್ಟುಗಳು. ಹಳೆಯದನ್ನೇ ಹಾಕಿದ್ದರೆ ನನಗೆ ಗೊತ್ತೂ ಆಗುತ್ತಿರಲಿಲ್ಲ.

ಈಗ ಭಾಯ್ ಮೇಲಿನ ದೂರು. ಗುರುವಾರ ಅಂದವರು ಕಾರು ಕೊಟ್ಟದ್ದು ಮುಂದಿನ ಮಂಗಳವಾರ. ಜಾಬ್ ಕಾರ್ಡ್ ಇಲ್ಲ. ಫೋನ್ ಎತ್ತುವುದಿಲ್ಲ. ಕಾರು ಕೊಡುವಾಗ ಮೆತ್ತಗೆ, 'ಬಿಲ್ ಬೇಕಾ ಮೇಡಂ? ಬೇಡ ಅಂದ್ರೆ 18 ಪರ್ಸೆಂಟ್ ಉಳಿಯುತ್ತೆ' ಅಂದರು. ಯಾರ ಹತ್ತಿರ! ನನ್ನ ವಿಸಿಟಿಂಗ್ ಕಾರ್ಡ್ ಕೊಟ್ಟೆ. ಓದಿ ಹುಡುಗನಿಗೆ ಚಹಾ ತರಲು ಕಳಿಸಿದರು. ಬಿಲ್ ಬಂತು: ಪಾರ್ಟ್ಸ್ 27,000, ಲೇಬರ್ 9,000, ತೆರಿಗೆ ಸೇರಿ ₹42,480. ಅಷ್ಟರಲ್ಲಿ ಅಕ್ಟೋಬರ್ ಆಗಿತ್ತು. ಸೆಪ್ಟೆಂಬರ್ 22ರಿಂದ ಎಲ್ಲ ಆಟೋ ಪಾರ್ಟ್ಸಿಗೂ ಜಿಎಸ್‌ಟಿ 18ಕ್ಕೆ ಇಳಿದಿತ್ತು. ಕುತೂಹಲಕ್ಕೆ ಹಳೆಯ ಎಸ್ಟಿಮೇಟಿಗೂ ಹೊಸ ದರ ಹಾಕಿ ನೋಡಿದೆ, ಅಲ್ಲಿ ಉಳಿಯುತ್ತಿದ್ದದ್ದು ₹21,400.

ಡಿಸೆಂಬರಿನಲ್ಲಿ ಅವರಲ್ಲೇ ಬ್ಯಾಟರಿ ಹಾಕಿಸಿದೆ. ಇಂಥ ಕಾರುಗಳಲ್ಲಿ ಹೊಸ ಬ್ಯಾಟರಿ ಬಂದಿದೆ ಎಂದು ಕಂಪ್ಯೂಟರಿಗೆ ತಿಳಿಸಬೇಕು, ಇಲ್ಲದಿದ್ದರೆ ಅದು ಹಳೆಯದೇ ಇದೆ ಅಂದುಕೊಂಡು ಚಾರ್ಜ್ ಮಾಡುತ್ತದೆ. ಭಾಯ್ ಅದನ್ನು ಮರೆತಿದ್ದರು. ಆರು ವಾರಕ್ಕೆ ಡ್ಯಾಶ್‌ಬೋರ್ಡಿನಲ್ಲಿ ದೀಪ. ಸರ್ವಿಸ್ ಸೆಂಟರಿನವರು ಇಪ್ಪತ್ತು ನಿಮಿಷದಲ್ಲಿ ಸರಿ ಮಾಡಿ ₹2,950 ತೆಗೆದುಕೊಂಡರು. ಏರ್‌ಬ್ಯಾಗ್ ರೀಕಾಲ್ (ದೋಷದ ಭಾಗವನ್ನು ಕಂಪನಿಯೇ ಕರೆದು ಬದಲಾಯಿಸಿಕೊಡುವುದು) ಒಂದು ಬಾಕಿ ಇದೆ ಅಂತ ಅವರೇ ಹುಡುಕಿ ಹೇಳಿ, ಒಂದು ಪೈಸೆ ತೆಗೆದುಕೊಳ್ಳದೆ ಬದಲಾಯಿಸಿಯೂ ಕೊಟ್ಟರು. ಕೀ, ಕೋಡಿಂಗ್, ಏರ್‌ಬ್ಯಾಗಿಗೆ ನಾನು ಇನ್ನೂ ಅಲ್ಲಿಗೇ ಹೋಗುತ್ತೇನೆ. ಲಕ್ಷ ದಾಟಿದ ಎಸ್ಟಿಮೇಟ್ ಬಂದರೆ ಮಾತ್ರ ರೀಡಿಂಗ್ ಕೊಡಿ ಅನ್ನುತ್ತೇನೆ, ಕೊಡದಿದ್ದರೆ ಕಾರು ವಿಲ್ಸನ್ ಗಾರ್ಡನ್ನಿಗೆ.

ಅಜ್ಜಿಯ ಕಿಟಕಿ ಈಗ ತೆರೆದೇ ಇರುತ್ತದೆ. ಆದರೆ ಮೊನ್ನೆಯಿಂದ ಹಂಪ್ ಹತ್ತಿ ಇಳಿದಾಗೆಲ್ಲ ಬಲಗಡೆ ಮುಂದಿನ ಚಕ್ರದ ಹತ್ತಿರ ಟಕ್ ಅನ್ನುತ್ತಿದೆ. ಸರ್ವಿಸ್ ಸೆಂಟರಿನವರು 'ಲೋಯರ್ ಆರ್ಮ್ ಅಸೆಂಬ್ಲಿ, ಎರಡೂ ಕಡೆ' ಅಂದಿದ್ದಾರೆ. ಅದರೊಳಗಿನ ರಬ್ಬರ್ ಬುಶ್ ಮಾತ್ರ ಸಾಕಾಗಬಹುದೇನೋ ಅಂತ ಭಾಯ್‌ಗೆ ಮೂರು ದಿನದಿಂದ ಫೋನ್ ಮಾಡುತ್ತಿದ್ದೇನೆ. ಎತ್ತುತ್ತಿಲ್ಲ.